ಮೊದಲ ಸಮತಟ್ಟು ಎಲ್ಲಿಂದ ಬಂತು?

ಇಂಟರ್ನ್‌ಶಿಪ್‌ನ ಮೊದಲ ವಾರವೇ ನನ್ನ ತಲೆಗೆ ಒಂದು ಪ್ರಶ್ನೆ ಹೊಕ್ಕಿತು. ಎಂಟು ವಾರ ಅದು ನನ್ನನ್ನು ಬಿಡಲಿಲ್ಲ.

ತುಮಕೂರಿನಿಂದ ಶಿರಾ ಕಡೆ ಹೋಗುವ ಹೆದ್ದಾರಿಯಲ್ಲಿ ವಸಂತನರಸಾಪುರ ಕೈಗಾರಿಕಾ ಪ್ರದೇಶ ಸಿಗುತ್ತದೆ. ಅಲ್ಲಿ ಗ್ರೈಂಡಿಂಗ್ ಮೆಷಿನ್ ಜೋಡಿಸಿ, ಪರೀಕ್ಷೆ ಮಾಡಿ ಕಳಿಸುವ ಒಂದು ಕಾರ್ಖಾನೆಗೆ ನನ್ನನ್ನು ಹಾಕಿದ್ದರು. ಬೇರೆ ಮೆಷಿನ್‌ಗಳ ಭಾಗಗಳನ್ನು ಮೈಕ್ರಾನ್ ಲೆಕ್ಕದಲ್ಲಿ ಚಪ್ಪಟೆ ಮಾಡುವ ಮೆಷಿನ್ ಅದು. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ. ಸರಿ, ಉಳಿದದ್ದನ್ನೆಲ್ಲ ಇದು ಚಪ್ಪಟೆ ಮಾಡುತ್ತದೆ. ಇದನ್ನು ಚಪ್ಪಟೆ ಮಾಡಿದ್ದು ಯಾವುದು?

ಇನ್ನೂ ದೊಡ್ಡ ಗ್ರೈಂಡಿಂಗ್ ಮೆಷಿನ್ ಅನ್ನಬಹುದು. ಅದನ್ನು ಮಾಡಿದ್ದು? ಅದಕ್ಕಿಂತ ಒಳ್ಳೆಯದು. ಹೀಗೆ ಹಿಂದೆ ಹಿಂದೆ ಹೋದರೆ ಎಲ್ಲಿಗೆ ತಲುಪುತ್ತೇವೆ? ಜೆರಾಕ್ಸ್‌ನ ಜೆರಾಕ್ಸ್ ತೆಗೆಯುತ್ತಾ ಹೋದರೆ ಅಕ್ಷರ ಮಸುಕಾಗುತ್ತದೆ ಅಲ್ವಾ? ಮೆಷಿನ್‌ನಿಂದ ಮೆಷಿನ್ ಹುಟ್ಟುವುದಾದರೆ, ಪ್ರತಿ ತಲೆಮಾರಿಗೂ ತಪ್ಪು ಜಾಸ್ತಿ ಆಗಬೇಕಿತ್ತು. ಆಗಿದ್ದು ಅದರ ಉಲ್ಟಾ. 200 ವರ್ಷಗಳ ಹಿಂದಿನ ಮೆಷಿನ್‌ಗಿಂತ ಇವತ್ತಿನದು ಎಷ್ಟೋ ಪಾಲು ನಿಖರ.

ಕ್ಲಾಸಿನ ಗೆಳೆಯರನ್ನು ಕೇಳಿದೆ. "ಜಪಾನಿಂದ ತರಿಸ್ತಾರೆ" ಅಂದ ಒಬ್ಬ. "ಈಗೆಲ್ಲಾ ಸಿಎನ್‌ಸಿ, ಕಂಪ್ಯೂಟರ್ ನೋಡ್ಕೊಳ್ಳುತ್ತೆ" ಅಂದಳು ಇನ್ನೊಬ್ಬಳು. ಈ ಎರಡು ಉತ್ತರಗಳನ್ನು ನಾನು ಎಲ್ಲ ಕಡೆ ಕೇಳುತ್ತೇನೆ. ಎರಡೂ ತಪ್ಪು. ಜಪಾನಿನವರು ಯಾರಿಂದ ತರಿಸಿದರು? ಇನ್ನು ಕಂಪ್ಯೂಟರ್ ಮೋಟಾರಿಗೆ ಎಷ್ಟು ತಿರುಗು ಅಂತ ಹೇಳುತ್ತದೆ, ಅಷ್ಟೆ. ಟೇಬಲ್ ಓಡಾಡುವ ದಾರಿಯೇ ಸೊಟ್ಟಗಿದ್ದರೆ ಕಂಪ್ಯೂಟರ್ ಅದನ್ನು ಸೊಟ್ಟಗೇ ಓಡಿಸುತ್ತದೆ.

ಉತ್ತರ ನನಗೆ ಸಿಕ್ಕಿದ್ದು ಅಸೆಂಬ್ಲಿ ವಿಭಾಗದ ಮೂಲೆಯಲ್ಲಿ, ಒಬ್ಬ ಹಿರಿಯ ಫಿಟ್ಟರ್ ಹತ್ತಿರ. ಎಲ್ಲರೂ ಅವರನ್ನು ಮೇಷ್ಟ್ರು ಅಂತ ಕರೆಯುತ್ತಿದ್ದರು. ಅವರ ಮುಂದೆ 2 ಮೀಟರ್ ಉದ್ದದ ಬೀಡು ಕಬ್ಬಿಣದ ಬೆಡ್, ಅಂದರೆ ಮೆಷಿನ್‌ನ ಟೇಬಲ್ ಓಡಾಡುವ ತಳಭಾಗ, ಇತ್ತು. ಸ್ಟ್ರೇಟ್ ಎಡ್ಜ್ ಅನ್ನುವ ಒಂದು ನೇರ ಪಟ್ಟಿಗೆ ತೆಳ್ಳಗೆ ನೀಲಿ ಬಣ್ಣ ಸವರಿ, ಬೆಡ್ ಮೇಲೆ ಇಟ್ಟು, ಮೆಲ್ಲಗೆ ಹಿಂದೆ ಮುಂದೆ ಜಾರಿಸಿ ಎತ್ತುತ್ತಿದ್ದರು. ಬೆಡ್‌ನಲ್ಲಿ ಎಲ್ಲೆಲ್ಲಿ ಉಬ್ಬು ಇದೆಯೋ ಅಲ್ಲಿ ಮಾತ್ರ ನೀಲಿ ಅಂಟುತ್ತದೆ. ಆ ಚುಕ್ಕೆಗಳನ್ನು ಸ್ಕ್ರೇಪರ್‌ನಿಂದ ಹೆರೆಯುತ್ತಾರೆ. ಒಂದು ಹೆರೆತಕ್ಕೆ ಕೆಲವೇ ಮೈಕ್ರಾನ್ ಹೋಗುತ್ತದೆ. ಮತ್ತೆ ನೀಲಿ, ಮತ್ತೆ ಹೆರೆತ. ಶುರುವಿನಲ್ಲಿ ಅಂಗೈಯಗಲದ ಜಾಗಕ್ಕೆ ನಾಲ್ಕೈದು ಚುಕ್ಕೆ ಕಾಣುತ್ತದೆ. ಕೊನೆಗೆ ಒಂದು ಇಂಚು ಚೌಕದಲ್ಲೇ 20 ಚುಕ್ಕೆ. ಚುಕ್ಕೆಗಳ ನಡುವೆ ಉಳಿಯುವ ಸಣ್ಣ ಸಣ್ಣ ತಗ್ಗುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಟೇಬಲ್ ಆ ಎಣ್ಣೆಯ ಮೇಲೆ ಜಾರುತ್ತದೆ. ತೀರಾ ನುಣುಪಾದ ಎರಡು ಮೈಗಳ ನಡುವೆ ಎಣ್ಣೆಗೆ ಜಾಗವೇ ಇರುವುದಿಲ್ಲ. ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

"ಮೇಷ್ಟ್ರೇ, ಇಷ್ಟೆಲ್ಲಾ ಕೈಯಲ್ಲೇ ಮಾಡ್ಬೇಕಾ?" ಅಂತ ಕೇಳಿದೆ. "ನೋಡಮ್ಮ, ಕೈ ಏನೂ ಮಾಡಲ್ಲ. ಎಲ್ಲಿ ಹೆರೀಬೇಕು ಅಂತ ಬೆಡ್ಡೇ ಹೇಳ್ತದೆ" ಅಂದರು. ಮೇಷ್ಟ್ರಿಗೆ ಈ ವಿದ್ಯೆ ಕಲಿಸಿದವರು ಬೆಂಗಳೂರಿನ ಎಚ್‌ಎಂಟಿಯಲ್ಲಿದ್ದವರಂತೆ. ತುಮಕೂರಿನವರಿಗೆ ಎಚ್‌ಎಂಟಿ ಅಂದರೆ ವಾಚ್ ಫ್ಯಾಕ್ಟರಿ. ಆದರೆ ಆ ಹೆಸರಿನ ಅರ್ಥವೇ ಹಿಂದೂಸ್ತಾನ್ ಮೆಷಿನ್ ಟೂಲ್ಸ್. 1953ರಲ್ಲಿ ಶುರುವಾದಾಗ ಅದು ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಲೇಥ್ ಮಾಡುವ ಕಾರ್ಖಾನೆ. ವಾಚ್ ಬಂದದ್ದು ಆಮೇಲೆ.

ಆ ನೀಲಿ ನೋಡಿದಾಗಲೆಲ್ಲ ನನಗೆ ಕೈದಾಳ ನೆನಪಾಗುತ್ತಿತ್ತು. ತುಮಕೂರು ಪಕ್ಕದ ಗೂಳೂರಿನ ಹತ್ತಿರದ ಊರು ಅದು. ಜಕಣಾಚಾರಿಯ ಊರು ಅಂತ ಐತಿಹ್ಯ. ಕತೆ ನಿಮಗೆ ಗೊತ್ತೇ ಇದೆ. ಬೇಲೂರಿನ ವಿಗ್ರಹದ ಕಲ್ಲಿನಲ್ಲಿ ದೋಷ ಇದೆ ಅಂತ ಹುಡುಗ ಡಂಕಣ ಹೇಳುತ್ತಾನೆ. ವಿಗ್ರಹಕ್ಕೆ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಗಂಧ ಒಣಗುತ್ತದೆ, ಹೊಕ್ಕುಳ ಹತ್ತಿರ ಮಾತ್ರ ಹಸಿಯಾಗಿ ಉಳಿಯುತ್ತದೆ. ಅಲ್ಲಿ ಉಳಿಯಿಂದ ಹೊಡೆದರೆ ನೀರು, ಕಪ್ಪೆ. ಇದನ್ನು ಇತಿಹಾಸ ಅನ್ನುವಂತಿಲ್ಲ. ಗಟ್ಟಿ ಕಲ್ಲಿನೊಳಗೆ ಕಪ್ಪೆ ಬದುಕುವುದೂ ಇಲ್ಲ. ನಾವು ಚಿಕ್ಕಂದಿನಿಂದ ಈ ಕತೆಯಲ್ಲಿ ಕಪ್ಪೆಯನ್ನು ನೋಡಿ ಬೆರಗಾಗುತ್ತೇವೆ, ಗಂಧವನ್ನು ಮರೆಯುತ್ತೇವೆ. ಮೈಗೆಲ್ಲ ಒಂದೇ ಸಮ ಏನನ್ನೋ ಬಳಿ, ಎಲ್ಲಿ ಬೇರೆ ಥರ ಕಾಣುತ್ತದೋ ಅಲ್ಲಿ ನೋಡು: ಕತೆ ಕಟ್ಟಿದವರಿಗೆ ಪರೀಕ್ಷೆ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿತ್ತು.

ಆದರೂ ನನ್ನ ಪ್ರಶ್ನೆ ಉಳಿದೇ ಇತ್ತು. ಬೆಡ್ ಸರಿಯಿದೆ ಅಂತ ಹೇಳಿದ್ದು ಸ್ಟ್ರೇಟ್ ಎಡ್ಜ್. ಸ್ಟ್ರೇಟ್ ಎಡ್ಜ್ ಸರಿಯಿದೆ ಅಂತ ಹೇಳುವುದು ಸರ್ಫೇಸ್ ಪ್ಲೇಟ್ ಅನ್ನುವ ಸಮತಟ್ಟು ಹಲಗೆ. ನಮ್ಮಲ್ಲಿ ಇದ್ದದ್ದು ಕಪ್ಪು ಕಲ್ಲಿನ ಪ್ಲೇಟ್. ಅಂಗಡಿಯಲ್ಲಿ ಅದನ್ನು ಗ್ರಾನೈಟ್ ಅನ್ನುತ್ತಾರೆ. ನಮ್ಮ ಜಿಲ್ಲೆಯ ಕುಣಿಗಲ್ ಬ್ಲ್ಯಾಕ್ ಕೂಡ ಇದೇ ಜಾತಿಯದು. ಭೂವಿಜ್ಞಾನದ ಲೆಕ್ಕದಲ್ಲಿ ಅದು ಗ್ರಾನೈಟ್ ಅಲ್ಲ, ಡಾಲರೈಟ್. ಕರಗಿದ ಶಿಲೆ ಹಳೆಯ ಬಂಡೆಯ ಬಿರುಕಿಗೆ ನುಗ್ಗಿ ಆರಿದಾಗ ಆಗುವ ಕಲ್ಲು. ತುಕ್ಕು ಹಿಡಿಯುವುದಿಲ್ಲ. ಕಬ್ಬಿಣದ ಮೇಲೆ ಏನಾದರೂ ಬಿದ್ದರೆ ಹೊಂಡದ ಸುತ್ತ ಅಂಚು ಮೇಲೇಳುತ್ತದೆ. ಕಲ್ಲಿನಲ್ಲಿ ಚಕ್ಕೆ ಹಾರಿಹೋಗುತ್ತದೆ ಅಷ್ಟೆ, ಉಳಿದ ಮೈ ಹಾಗೇ ಇರುತ್ತದೆ.

ಸರಿ. ಆ ಕಲ್ಲು ಸಮತಟ್ಟಾಗಿದೆ ಅಂತ ಹೇಳುವುದು ಯಾರು?

ಅದಕ್ಕೆ ಮೇಲಿನವರು ಯಾರೂ ಬೇಕಿಲ್ಲ. ಇನ್ನೆರಡು ಕಲ್ಲು ಸಾಕು.

ಇದು ನನಗೆ ತುಂಬಾ ಇಷ್ಟವಾದ ಸಂಗತಿ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೊದಲು ಎರಡೇ ಕಲ್ಲು ತೆಗೆದುಕೊಳ್ಳಿ. ಒಂದರ ಮೇಲೊಂದಿಟ್ಟು ಉಜ್ಜಿ. ಉಬ್ಬುಗಳು ಸವೆದು ಕೊನೆಗೆ ಎರಡೂ ಗಾಳಿ ಹೋಗದ ಹಾಗೆ ಕೂರುತ್ತವೆ. ಎರಡೂ ಸಮತಟ್ಟಾದವು ಅನ್ನಿಸುತ್ತದೆ. ಆಗಿರುವುದಿಲ್ಲ. ಅಡುಗೆಮನೆಯ ರುಬ್ಬುವ ಕಲ್ಲು ನೋಡಿ. ಗುಂಡು ಮತ್ತು ಕಲ್ಲಿನ ಗುಳಿ ಒಂದಕ್ಕೊಂದು ಎಷ್ಟು ಚೆನ್ನಾಗಿ ಕೂರುತ್ತವೆ! ಎರಡರಲ್ಲಿ ಯಾವುದೂ ಸಮತಟ್ಟಲ್ಲ. ಗಂಧ ತೇಯುವ ಸಾಣೆಕಲ್ಲಿನ ಮಧ್ಯೆ ತಗ್ಗು ಬೀಳುತ್ತದೆ, ಕೊರಡಿನ ತುದಿ ಅದೇ ಆಕಾರಕ್ಕೆ ಉಬ್ಬುತ್ತದೆ. ದೂರದರ್ಶಕದ ಕನ್ನಡಿಯನ್ನು ಮನೆಯಲ್ಲೇ ಮಾಡುವ ಹವ್ಯಾಸಿಗಳು ಇದನ್ನೇ ಬಳಸುತ್ತಾರೆ. ಎರಡು ಗಾಜಿನ ಬಿಲ್ಲೆಗಳ ನಡುವೆ ಪುಡಿ ಹಾಕಿ ಉಜ್ಜಿದರೆ ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬಾಗುತ್ತದೆ. ಇಬ್ಬರೇ ಸಾಕ್ಷಿಗಳು ಒಳಗೊಳಗೇ ಮಾತಾಡಿಕೊಂಡು ಒಂದೇ ಸುಳ್ಳು ಹೇಳಿದ ಹಾಗೆ ಇದು. ಇಬ್ಬರ ಮಾತೂ ತಾಳೆಯಾಗುತ್ತದೆ, ನಿಜ ಮಾತ್ರ ಸಿಗುವುದಿಲ್ಲ.

ಈಗ ಮೂರನೆಯ ಕಲ್ಲು ತನ್ನಿ. ಒಂದನೆಯದು ಉಬ್ಬು, ಎರಡನೆಯದು ತಗ್ಗು ಅಂದುಕೊಳ್ಳೋಣ. ಮೂರನೆಯದನ್ನು ಒಂದನೆಯದರ ಜೊತೆ ಉಜ್ಜಿದರೆ ಉಬ್ಬಿಗೆ ಹೊಂದಿಕೊಂಡು ಅದೂ ತಗ್ಗಾಗುತ್ತದೆ. ಈಗ ಎರಡು ಮತ್ತು ಮೂರನ್ನು ಎದುರುಬದುರು ಇಡಿ. ಎರಡೂ ತಗ್ಗು! ಅಂಚು ಮಾತ್ರ ತಾಗುತ್ತದೆ, ನಡುವೆ ಖಾಲಿ. ಸುಳ್ಳು ಸಿಕ್ಕಿಬಿತ್ತು. ಕೈಯಲ್ಲೇ ಮಾಡಿ ನೋಡಿ. ಒಂದು ಕೈಯನ್ನು ಮುಷ್ಟಿ ಮಾಡಿ, ಇನ್ನೊಂದನ್ನು ಬೊಗಸೆ ಮಾಡಿ ಅದರ ಮೇಲೆ ಮುಚ್ಚಿ. ಹೊಂದುತ್ತದೆ. ಪಕ್ಕದಲ್ಲಿರುವವರಿಗೂ ಅದೇ ಮುಷ್ಟಿಯನ್ನು ಬೊಗಸೆಯಿಂದ ಮುಚ್ಚಲು ಹೇಳಿ. ಅದೂ ಹೊಂದುತ್ತದೆ. ಈಗ ಎರಡು ಬೊಗಸೆಗಳನ್ನು ಒಂದಕ್ಕೊಂದು ಸೇರಿಸಿದರೆ ನಡುವೆ ಒಂದು ನಿಂಬೆಹಣ್ಣು ಇಡುವಷ್ಟು ಜಾಗ ಇರುತ್ತದೆ.

ಇನ್ನು ಎರಡು ಮತ್ತು ಮೂರನ್ನು ಉಜ್ಜಿ ಅವುಗಳ ಅಂಚು ಸವೆಸಿ. ಆಮೇಲೆ ಮತ್ತೆ ಒಂದನೆಯದರ ಜೊತೆ. ಹೀಗೆ ಸುತ್ತು ಹಾಕುತ್ತಾ ಹೋದರೆ ಪ್ರತಿ ಸುತ್ತಿಗೂ ತಪ್ಪು ಕಡಿಮೆಯಾಗುತ್ತದೆ. ಮೂರೂ ಕಲ್ಲು ಒಂದಕ್ಕೊಂದು ಹೊಂದಬೇಕಾದರೆ ಅವು ಉಬ್ಬೂ ಆಗಿರಬಾರದು, ತಗ್ಗೂ ಆಗಿರಬಾರದು. ಒಂದು ಸಣ್ಣ ಮೋಸ ಉಳಿಯುತ್ತದೆ. ಮೂರೂ ಕಲ್ಲು ಹಪ್ಪಳದ ಹಾಗೆ ಒಂದೇ ಕಡೆಗೆ ತಿರುಚಿಕೊಂಡಿದ್ದರೆ ಆಗಲೂ ಹೊಂದುತ್ತವೆ. ಅದಕ್ಕೇ ಒಂದು ಕಲ್ಲನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಬೇಕು. ತಿರುಚು ಇದ್ದರೆ ಎರಡು ಮೂಲೆ ಮೇಲೇಳುತ್ತದೆ.

ಅಳತೆಪಟ್ಟಿ ಬೇಕಿಲ್ಲ. ಮೊದಲೇ ಸರಿಯಾಗಿರುವ ಏನೂ ಬೇಕಿಲ್ಲ. ಮೂರು ತಪ್ಪು ಕಲ್ಲುಗಳಿಂದ ಮೂರು ಸರಿ ಕಲ್ಲು ಹುಟ್ಟುತ್ತದೆ. ಇದನ್ನು ತಿಳಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದನ್ನು ಜಗತ್ತಿಗೆ ಸಾರಿ ಹೇಳಿದವರು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್. ಲಂಡನ್ನಿನ ಹೆನ್ರಿ ಮಾಡ್ಸ್ಲೆ ಅವರ ಕಾರ್ಖಾನೆಯಲ್ಲಿ ಪಳಗಿ, 1833ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಸ್ವಂತ ಕೆಲಸ ಶುರುಮಾಡಿದರು. 1840ರಲ್ಲಿ ಗ್ಲಾಸ್ಗೋದ ವಿಜ್ಞಾನ ಸಭೆಯಲ್ಲಿ ಸಮತಟ್ಟು ಪ್ಲೇಟ್‌ಗಳ ಬಗ್ಗೆ ಪ್ರಬಂಧ ಓದಿದರು. ಪುಡಿ ಹಾಕಿ ಉಜ್ಜಬೇಡಿ, ಬಣ್ಣ ಹಚ್ಚಿ ಹೆರೆಯಿರಿ ಅನ್ನುವುದು ಅವರ ವಾದ. ಪುಡಿ ಎಲ್ಲಿ ಜಾಸ್ತಿ ಸೇರುತ್ತದೋ ಅಲ್ಲಿ ಜಾಸ್ತಿ ಸವೆಯುತ್ತದೆ, ಅದರ ಮೇಲೆ ನಮ್ಮ ಹಿಡಿತ ಇಲ್ಲ. ಹೆರೆಯುವಾಗ ಬೇಕಾದ ಚುಕ್ಕೆಯನ್ನು ಮಾತ್ರ ತೆಗೆಯಬಹುದು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅವರು ಇಂಚಿನ ಹತ್ತು ಲಕ್ಷದಲ್ಲೊಂದು ಪಾಲಿನ ವ್ಯತ್ಯಾಸ ತೋರಿಸುವ ಯಂತ್ರ ಇಟ್ಟಿದ್ದರು. ವಸಂತನರಸಾಪುರದಲ್ಲಿ ಮೇಷ್ಟ್ರ ಕೈಯಲ್ಲಿದ್ದ ಸ್ಕ್ರೇಪರ್ ಅದೇ ದಾರಿಯಲ್ಲಿ ಬಂದದ್ದು.

ಒಮ್ಮೆ ಈ ಕಣ್ಣು ಬಂದರೆ ಎಲ್ಲೆಲ್ಲೂ ಇದೇ ಕಾಣುತ್ತದೆ. ಗಾರೆ ಕೆಲಸದವರು ರಸಮಟ್ಟ ಇಡುವುದನ್ನು ನೋಡಿ. ಗುಳ್ಳೆ ಮಧ್ಯೆ ಬಂದರೆ ನೆಲ ಸರಿ. ರಸಮಟ್ಟವೇ ಕೆಟ್ಟಿದ್ದರೆ? ಬಲ್ಲವರು ಅದನ್ನು ಎತ್ತಿ, ಹಿಂದುಮುಂದಾಗಿ ತಿರುಗಿಸಿ, ಅದೇ ಜಾಗದಲ್ಲಿ ಇಡುತ್ತಾರೆ. ಗುಳ್ಳೆ ಎರಡು ಸಲವೂ ನೆಲದ ಒಂದೇ ಬದಿಗೆ ಹೋದರೆ ತಪ್ಪು ನೆಲದ್ದು. ತಿರುಗಿಸಿದ ಕೂಡಲೇ ಗುಳ್ಳೆಯೂ ನೆಲದ ಇನ್ನೊಂದು ಬದಿಗೆ ಹೋದರೆ ತಪ್ಪು ರಸಮಟ್ಟದ್ದು. ಮೆಷಿನ್ ಪರೀಕ್ಷೆಯಲ್ಲೂ ಹೀಗೇ. ಮೆಷಿನ್‌ನ ತಿರುಗುವ ಸ್ಪಿಂಡಲ್‌ಗೆ ಟೆಸ್ಟ್ ಮ್ಯಾಂಡ್ರಲ್ ಅನ್ನುವ ಪರೀಕ್ಷೆಯ ಸರಳು ಹಾಕಿ, ಮೈಕ್ರಾನ್ ವ್ಯತ್ಯಾಸ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಓದುತ್ತೇವೆ. ಅರ್ಧ ಸುತ್ತು ತಿರುಗಿಸಿ ಮತ್ತೆ ಓದುತ್ತೇವೆ. ಎರಡರ ಸರಾಸರಿ ತೆಗೆದರೆ ಮ್ಯಾಂಡ್ರಲ್‌ನ ಸೊಟ್ಟು ಲೆಕ್ಕದಿಂದ ಹೊರಗೆ ಹೋಗುತ್ತದೆ.

ಐದನೇ ವಾರ ಒಂದು ಬೆಳಗ್ಗೆ ತೊಂದರೆ ಆಯಿತು. ಹಿಂದಿನ ಸಂಜೆ 5 ಮೈಕ್ರಾನ್ ಒಳಗೆ ತಂದಿದ್ದ ಬೆಡ್ ಈಗ ನಡುವೆ ಉಬ್ಬಿತ್ತು. ಡಯಲ್ 15 ತೋರಿಸುತ್ತಿತ್ತು. ಹಿಂದಿನ ದಿನ ಯಾರೋ ಬಂದು ಮೆಷಿನ್ ನೋಡಿ ಹೊಗಳಿ ಹೋಗಿದ್ದರು. "ದೃಷ್ಟಿ ಆಗಿದೆ" ಅಂತ ಮಾತು ಶುರುವಾಯಿತು. ಮಧ್ಯಾಹ್ನದೊಳಗೆ ಕಂಬಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಬಂತು. ನನ್ನ ಜೊತೆಗೆ ಬಂದಿದ್ದ, ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ಹುಡುಗನೇ ಅದನ್ನು ಕಟ್ಟಿದ. ಅದು ನನಗೆ ನಿಜವಾಗಿ ನೋವು ಕೊಟ್ಟಿತು. ಆಯುಧಪೂಜೆಯ ಬಗ್ಗೆ ನನ್ನ ತಕರಾರಿಲ್ಲ. ವರ್ಷಕ್ಕೊಂದು ದಿನ ಪ್ರತಿ ಮೆಷಿನ್ ಒರೆಸಿ ತೊಳೆಯುವುದು ಒಳ್ಳೆಯದೇ. ಆದರೆ ದೃಷ್ಟಿ ಅಂದ ಕೂಡಲೇ ಹುಡುಕಾಟ ನಿಂತುಹೋಗುತ್ತದೆ. ನನ್ನ ಭಯ ಅದು.

ಕಾರಣ ಪೂರ್ವದ ಶಟರ್. ಆವತ್ತು ಅದನ್ನು ಬೇಗ ತೆರೆದಿದ್ದರು. ಎಳೆ ಬಿಸಿಲು ನೇರ ಬೆಡ್ ಮೇಲೆ ಬಿದ್ದಿತ್ತು. ಬೀಡು ಕಬ್ಬಿಣ ಒಂದು ಡಿಗ್ರಿ ಬಿಸಿಯಾದರೆ ಮೀಟರಿಗೆ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ಮೇಲ್ಭಾಗ ಹಿಗ್ಗಿ ಕೆಳಭಾಗ ಹಾಗೇ ಉಳಿದರೆ ಬೆಡ್ ಬಿಲ್ಲಿನ ಹಾಗೆ ಬಾಗುತ್ತದೆ. 2 ಮೀಟರ್ ಉದ್ದ, 40 ಸೆಂಟಿಮೀಟರ್ ಎತ್ತರದ ಬೆಡ್‌ಗೆ ಮೇಲೆ ಕೆಳಗೆ ಒಂದೇ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ನಡುವಿನ ಉಬ್ಬು ಎಷ್ಟು? ಊಟದ ಹೊತ್ತಿನಲ್ಲಿ ಪೇಪರಿನ ಮೇಲೆ ಲೆಕ್ಕ ಹಾಕಿದೆ. ಸುಮಾರು 14 ಮೈಕ್ರಾನ್ ಬಂತು. ಅಳತೆಗಳಿಗೆ 20 ಡಿಗ್ರಿ ಸೆಲ್ಸಿಯಸ್ ಇರಬೇಕು ಅಂತ ಜಗತ್ತೆಲ್ಲ 1931ರಲ್ಲೇ ಒಪ್ಪಿಕೊಂಡದ್ದು ಇಂಥ ಕಾರಣಕ್ಕೇ. ಮೇಷ್ಟ್ರು ಲೆಕ್ಕ ನೋಡಲಿಲ್ಲ. ಬೆಡ್‌ನ ಮೇಲೊಂದು ಅಂಗೈ, ಕೆಳಗೊಂದು ಅಂಗೈ ಇಟ್ಟರು. "ಶಟರ್ ಎಳೀರಪ್ಪ, ನಾಳೆ ನೋಡೋಣ" ಅಂದರು. ಮರುದಿನ ಬೆಳಗ್ಗೆ ಡಯಲ್ 4 ತೋರಿಸಿತು.

ಉಳಿದ ವಾರಗಳಲ್ಲಿ ವೈರಿಂಗ್, ಹೈಡ್ರಾಲಿಕ್ಸ್, ರಿಪೋರ್ಟ್ ಬರೆಯುವುದು. ಮೆಷಿನ್ ಲಾರಿ ಹತ್ತಿತು. ನಾನು ಕಾಲೇಜಿಗೆ ವಾಪಸಾದೆ.

ಈಗ ನಮ್ಮ ಮನೆಯ ತಾರಸಿಯಲ್ಲಿ ಮೂರು ತುಂಡು ಕಡಪ ಕಲ್ಲು ಇವೆ. ಒಂದೊಂದೂ ಒಂದು ಗೇಣು ಅಗಲ. ಕಲ್ಲಿನ ಅಂಗಡಿಯಲ್ಲಿ ಉಳಿದಿದ್ದ ಚೂರುಗಳು. ಬೆನ್ನ ಮೇಲೆ 1, 2, 3 ಅಂತ ಬಣ್ಣದಲ್ಲಿ ಬರೆದಿದ್ದೇನೆ. ಕಲ್ಲಿಗೆ ಸ್ಕ್ರೇಪರ್ ಹಿಡಿಯುವುದಿಲ್ಲವಲ್ಲ, ಹಾಗಾಗಿ ಕಾರ್ಬೊರಂಡಮ್ ಅನ್ನುವ ಗಡಸು ಪುಡಿ, ಸ್ವಲ್ಪ ನೀರು. ದಿನಾ ಸಂಜೆ ಅರ್ಧ ಗಂಟೆ, ಎರಡೆರಡು ನಿಮಿಷಕ್ಕೆ ಜೋಡಿ ಬದಲಿಸಿ ಉಜ್ಜುತ್ತೇನೆ. ಪಕ್ಕದ ಮನೆಯ ಅಜ್ಜಿ "ಏನ್ ಕೂಸೇ, ದಿನಾ ಕಲ್ಲು ತೇಯ್ತೀಯ?" ಅಂತ ಕೇಳಿದರು. ಅವರಿಗೂ ಬೊಗಸೆ, ಮುಷ್ಟಿ ಮಾಡಿ ತೋರಿಸಿದೆ. ಒಳಗೆ ಹೋಗಿ ಅವರ ಸಾಣೆಕಲ್ಲನ್ನೇ ತಂದು, ನಡುವಿನ ತಗ್ಗಿಗೆ ಬೆರಳಿಟ್ಟು ನೋಡಿದರು.

ಒಂದು ಮತ್ತು ಎರಡು ಈಗ ಚೆನ್ನಾಗಿ ಕೂರುತ್ತವೆ. ಒಂದು ಮತ್ತು ಮೂರು ಕೂಡ. ಎರಡು ಮತ್ತು ಮೂರನ್ನು ಜೋಡಿಸಿ ಟಾರ್ಚ್ ಹಿಡಿದರೆ ನಡುವೆ ಇನ್ನೂ ತೆಳ್ಳನೆಯ ಬೆಳಕು ಕಾಣುತ್ತದೆ.