‘ಅದು ಆಪರೇಷನ್ ಅಲ್ಲ, ಲೇಸರ್ ಅಷ್ಟೇ’

ಪೊರೆಯ ಶಸ್ತ್ರಚಿಕಿತ್ಸೆಗೆಂದು ಬಂದಿದ್ದ ಮಹಿಳೆಯೊಬ್ಬರು, ಹಿಂದೆ ಕಣ್ಣಿಗೆ ಶಸ್ತ್ರಚಿಕಿತ್ಸೆ ಆಗಿದೆಯೇ ಎಂಬ ಪ್ರಶ್ನೆಯ ಮುಂದೆ ‘ಇಲ್ಲ’ ಎಂದು ಬರೆದಿದ್ದರು. ಕಣ್ಣನ್ನು ಹಿಗ್ಗಿಸಿ ತೋರಿಸುವ ಸ್ಲಿಟ್ ಲ್ಯಾಂಪಿನಲ್ಲಿ ನೋಡಿದರೆ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಹೊದಿಕೆಯ, ಅಂಚಿನಲ್ಲಿ ಕೂದಲೆಳೆಯಂತಹ ಬಿಳಿ ಕಮಾನು. ಕನ್ನಡಕದ ನಂಬರ್ ಇಳಿಸುವ ಲ್ಯಾಸಿಕ್ ಎಂಬ ಲೇಸರ್ ಚಿಕಿತ್ಸೆ ಮಾಡುವಾಗ ಎತ್ತಿ ಮತ್ತೆ ಮುಚ್ಚಿದ ಪದರದ ಗುರುತು. ವಿಚಾರಿಸಿದಾಗ, ‘ಅದು ಆಪರೇಷನ್ ಅಲ್ಲವಲ್ಲ ಡಾಕ್ಟರೇ, ಲೇಸರ್ ಅಷ್ಟೇ, 20 ವರ್ಷವಾಯಿತು’ ಎಂದರು. ಈ ‘ಅಷ್ಟೇ’ ಎಂಬ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಪಿಆರ್‌ಕೆ ಬಗೆಯ ಲೇಸರಿನಲ್ಲಿ ಪದರವನ್ನೇ ಎತ್ತುವುದಿಲ್ಲವಾದ್ದರಿಂದ ಈ ಗುರುತೂ ಸಿಗುವುದಿಲ್ಲ. ಆಗ ನೀವು ಬಾಯಿಬಿಟ್ಟು ಹೇಳಿದರೆ ಉಂಟು.

ಪೊರೆ ತೆಗೆದು ಕಣ್ಣಿನೊಳಗೆ ಕೂರಿಸುವ ಮಸೂರದ ಪವರನ್ನು ಮುಖ್ಯವಾಗಿ ಕಣ್ಣಿನ ಉದ್ದ ಮತ್ತು ಕಾರ್ನಿಯಾ ಬೆಳಕನ್ನು ಬಾಗಿಸುವ ಶಕ್ತಿಯಿಂದ ಲೆಕ್ಕ ಹಾಕುತ್ತೇವೆ. ಆದರೆ ಸಾಮಾನ್ಯ ಕೆರಟೋಮೀಟರ್ ಅಳೆಯುವುದು ಕಾರ್ನಿಯಾದ ಮುಂಬದಿಯ ಬಾಗನ್ನು ಮಾತ್ರ. ಹಿಂಬದಿಯನ್ನು ಅದು 1.3375 ಎಂಬ ಒಂದು ಸಿದ್ಧ ಸಂಖ್ಯೆಯ ಮೂಲಕ ಊಹಿಸಿಕೊಳ್ಳುತ್ತದೆ. ಎರಡೂ ಬದಿಗಳ ಅನುಪಾತ ಹುಟ್ಟಿನಿಂದ ಬಂದಂತೆಯೇ ಇರುವ ಕಣ್ಣಿಗೆ ಈ ಊಹೆ ಸರಿಹೊಂದುತ್ತದೆ. ಮೈನಸ್ ನಂಬರಿಗೆ ಮಾಡಿದ ಲೇಸರ್ ಮುಂಬದಿಯನ್ನು ಮಾತ್ರ ಚಪ್ಪಟೆ ಮಾಡಿ ಹಿಂಬದಿಯನ್ನು ಹಾಗೆಯೇ ಬಿಟ್ಟಿರುತ್ತದೆ. ಹೀಗಾಗಿ ಯಂತ್ರವು ಕಾರ್ನಿಯಾದ ಶಕ್ತಿಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ. ಇದರ ಜೊತೆಗೆ ಹಳೆಯ ಸೂತ್ರಗಳು ಅದೇ ಅಳತೆಯನ್ನು ನಂಬಿ, ಮಸೂರ ಕಣ್ಣಿನೊಳಗೆ ಎಷ್ಟು ಆಳದಲ್ಲಿ ನಿಲ್ಲುತ್ತದೆ ಎಂಬುದನ್ನೂ ತಪ್ಪಾಗಿ ಅಂದಾಜಿಸುತ್ತವೆ. ಎರಡು ತಪ್ಪುಗಳೂ ಒಂದೇ ದಿಕ್ಕಿಗೆ ಎಳೆಯುವುದರಿಂದ ಬೇಕಾದದ್ದಕ್ಕಿಂತ ದುರ್ಬಲ ಮಸೂರ ಒಳಗೆ ಹೋಗಿ, ರೋಗಿಗೆ ಪ್ಲಸ್ ನಂಬರ್ ಉಳಿಯುತ್ತದೆ, ಅಂದರೆ ದೂರವೂ ಮಸುಕು, ಹತ್ತಿರವಂತೂ ಇನ್ನಷ್ಟು ಮಸುಕು. ಪ್ಲಸ್ ನಂಬರಿಗೆ ಲೇಸರ್ ಆಗಿದ್ದರೆ ತಪ್ಪು ಸಾಮಾನ್ಯವಾಗಿ ವಿರುದ್ಧ ದಿಕ್ಕಿಗೆ ಆಗುತ್ತದೆ.

ಲೇಸರ್ ಆಗಿದೆ ಎಂದು ತಿಳಿದಿದ್ದರೆ ಬ್ಯಾರೆಟ್ ಟ್ರೂ-ಕೆ, ಹೈಗಿಸ್-ಎಲ್ ಮೊದಲಾದ, ಇಂತಹ ಕಣ್ಣುಗಳಿಗೆಂದೇ ರೂಪಿಸಿದ ಸೂತ್ರಗಳಿವೆ. ಕಾರ್ನಿಯಾದ ಹಿಂಬದಿಯನ್ನೂ ಅಳೆಯುವ ಯಂತ್ರಗಳಿವೆ. ಆದರೂ ಲೇಸರ್ ಕಾಣದ ಕಣ್ಣಿನಷ್ಟು ನಿಖರತೆಯನ್ನು ನಾನು ಯಾರಿಗೂ ಮಾತು ಕೊಡುವುದಿಲ್ಲ. ಪ್ಲಸ್ಸಿಗೆ ಜಾರದಿರಲೆಂದು ಸಾಮಾನ್ಯವಾಗಿ ಸ್ವಲ್ಪ ಮೈನಸ್ ಕಡೆಗೇ ಗುರಿಯಿಡುತ್ತೇನೆ. ಲೇಸರಿನಿಂದ ಒಮ್ಮೆ ಕನ್ನಡಕ ಬಿಟ್ಟವರು ದೂರ, ಹತ್ತಿರ ಎರಡನ್ನೂ ತೋರಿಸುವ ಮಲ್ಟಿಫೋಕಲ್ ಮಸೂರವನ್ನೇ ಬಯಸುವುದು ಸಹಜ, ಆದರೆ ಲೇಸರ್ ತಿದ್ದಿದ ಕಾರ್ನಿಯಾ ಸಮವಾಗಿಲ್ಲದಿದ್ದರೆ ರಾತ್ರಿಯ ದೀಪಗಳ ಸುತ್ತ ಪ್ರಭೆ ಮೂಡಿ ಚಿತ್ರ ಮಂಕಾಗುವ ಸಾಧ್ಯತೆ ಹೆಚ್ಚು. ಆ ಆಸೆಗೆ ನಾನು ಬೇಗ ಒಪ್ಪುವವನಲ್ಲ.

ಲೇಸರಿಗೆ ಮುಂಚಿನ ನಂಬರ್ ಸಿಕ್ಕರೆ ಲೆಕ್ಕಕ್ಕೆ ಇನ್ನೊಂದು ಆಸರೆ. ಆ ಮಹಿಳೆಯ ಬಳಿ ಕಾಗದಪತ್ರಗಳೊಂದೂ ಉಳಿದಿರಲಿಲ್ಲ. ಹಳೆಯ ಕನ್ನಡಕವಾದರೂ ಇದೆಯೇ ಎಂದು ಕೇಳಿದೆ, ಸಂಕೋಚದಿಂದ ನಕ್ಕರು. ಮರುವಾರ ಕರವಸ್ತ್ರದಲ್ಲಿ ಸುತ್ತಿ ತಂದರು, ಒಂದು ಕಾಲು ಮುರಿದಿತ್ತು. ಗಾಜಿನ ನಂಬರ್ ಅಳೆಯುವ ಲೆನ್ಸೋಮೀಟರಿನಲ್ಲಿಟ್ಟರೆ ಎರಡೂ ಗಾಜುಗಳು ಮೈನಸ್ 7.5.