ಮೂರು ಕಿಲೋ ನಾಯಿ ನಿಮ್ಮ ಮನೆಗೆ ಸರಿಹೋಗುತ್ತಾ?

"ಡಾಕ್ಟ್ರೇ, ನಮ್ಮದು ಎರಡು ರೂಮಿನ ಫ್ಲ್ಯಾಟು. ದೊಡ್ಡ ನಾಯಿ ಆಗಲ್ಲ. ಯಾವುದಾದ್ರೂ ಸಣ್ಣ ತಳಿ ಹೇಳಿ." ಬೆಂಗಳೂರಿನಲ್ಲಿ ಕ್ಲಿನಿಕ್ ಇಟ್ಟುಕೊಂಡ ಪಶುವೈದ್ಯರೆಲ್ಲ ಈ ಮಾತು ಕೇಳಿರುತ್ತಾರೆ. ಕೇಳುವವರ ತಲೆಯಲ್ಲಿ ಆಗಲೇ ಒಂದು ಲೆಕ್ಕ ಇರುತ್ತದೆ. ನಾಯಿ ಸಣ್ಣದಾದರೆ ಜಾಗ ಕಡಿಮೆ ಸಾಕು, ಊಟ ಕಡಿಮೆ ಸಾಕು, ಕೆಲಸವೂ ಕಡಿಮೆ. ಮೊದಲಿನ ಎರಡು ಸರಿ. ಮೂರನೆಯದನ್ನು ನಾನು ಒಪ್ಪುವುದಿಲ್ಲ. ಮೈ ಸಣ್ಣದಾದಷ್ಟೂ ನಮ್ಮ ಅಜಾಗ್ರತೆಯನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ಹಾಗಾಗಿ ಮನೆ ಎಷ್ಟು ಚದರಡಿ ಅಂತ ನಾನು ಕೇಳುವುದಿಲ್ಲ. ಬೆಳಿಗ್ಗೆ ಹನ್ನೊಂದು ಗಂಟೆಗೆ ಮನೆಯಲ್ಲಿ ಯಾರಿರುತ್ತೀರಿ ಅಂತ ಕೇಳುತ್ತೇನೆ.

ಯಾಕೆಂದರೆ, ಅತಿ ಸಣ್ಣ ತಳಿಯಾದ ಚಿವಾವಾದ ಎರಡು ತಿಂಗಳ ಮರಿ ಎಷ್ಟೋ ಸಲ ಒಂದು ಕಿಲೋ ಕೂಡ ತೂಗುವುದಿಲ್ಲ. ಅದರ ಲಿವರ್‌ನಲ್ಲಿ ಸಕ್ಕರೆಯ ದಾಸ್ತಾನು ತೀರಾ ಕಡಿಮೆ. ಒಂದು ಹೊತ್ತಿನ ಊಟ ತಪ್ಪಿದರೆ, ಭೇದಿಯಾದರೆ, ಚಳಿ ಹಿಡಿದರೆ ರಕ್ತದಲ್ಲಿನ ಸಕ್ಕರೆ ಸರ್ರನೆ ಇಳಿಯುತ್ತದೆ. ಮರಿ ಮೊದಲು ಮಂಕಾಗುತ್ತದೆ. ಆಮೇಲೆ ನಡೆಯುವಾಗ ತೂರಾಡುತ್ತದೆ. ಅಷ್ಟರಲ್ಲಿ ಯಾರೂ ನೋಡದಿದ್ದರೆ ಫಿಟ್ಸ್ ಬರುತ್ತದೆ. ಆ ಹೊತ್ತಿನಲ್ಲಿ ಒಸಡಿಗೆ ಒಂಚೂರು ಜೇನುತುಪ್ಪ ಸವರಿ ಡಾಕ್ಟರ ಹತ್ತಿರ ಓಡಬೇಕು. ಪ್ರಜ್ಞೆ ಇಲ್ಲದ ಮರಿಯ ಬಾಯಿಗೆ ಏನನ್ನೂ ಸುರಿಯಬಾರದು. ಇಂಥ ಮರಿಗೆ ನಾಲ್ಕು ತಿಂಗಳು ತುಂಬುವವರೆಗೆ ದಿನಕ್ಕೆ ನಾಲ್ಕು ಸಲ ಊಟ ಬೇಕು. ಎರಡು ಗಂಟೆಗೊಮ್ಮೆ ಒಂದಕ್ಕೂ ಕರೆದುಕೊಂಡು ಹೋಗಬೇಕು. ಗಂಡ ಹೆಂಡತಿ ಇಬ್ಬರೂ ಒಂಬತ್ತಕ್ಕೆ ಮನೆ ಬಿಟ್ಟು ಏಳಕ್ಕೆ ವಾಪಸ್ ಬರುವ ಮನೆಯಲ್ಲಿ ಇದು ನಡೆಯುವ ಮಾತಲ್ಲ. ಕೆಲಸದವರು ಬಂದು ಹೋಗುವ ಒಂದು ಗಂಟೆ ಇದಕ್ಕೆ ಸಾಲುವುದಿಲ್ಲ.

ಸಣ್ಣ ಮಕ್ಕಳಿರುವ ಮನೆಯ ವಿಷಯ ಇನ್ನೂ ಸೂಕ್ಷ್ಮ. ಮುಂಗಾಲು ಮುರಿದುಕೊಂಡು ಬರುವ ಮರಿಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕತೆ ಹೆಚ್ಚುಕಡಿಮೆ ಒಂದೇ. ಮಗು ಸೋಫಾ ಮೇಲೆ ಮರಿಯನ್ನು ಅಪ್ಪಿಕೊಂಡು ಕೂತಿರುತ್ತದೆ. ಮರಿ ಕೊಸರಾಡಿ ಟೈಲ್ಸ್ ಮೇಲೆ ಜಿಗಿಯುತ್ತದೆ. ಎತ್ತರ ಒಂದೂವರೆ ಅಡಿ ಇದ್ದೀತು, ಅಷ್ಟೇ. ಕುಂಯ್ ಅಂತ ಕೂಗಿದ ಮರಿ ಮತ್ತೆ ಆ ಕಾಲು ಊರುವುದಿಲ್ಲ. ಎಕ್ಸ್‌ರೇ ತೆಗೆದರೆ ಮಣಿಕಟ್ಟಿನ ಸ್ವಲ್ಪ ಮೇಲೆ ಎರಡೂ ಮೂಳೆ ಮುರಿದಿರುತ್ತವೆ. ಆ ಮೂಳೆ ಪೆನ್ಸಿಲ್‌ಗಿಂತ ತೆಳ್ಳಗೆ. ಜೊತೆಗೆ ಸಣ್ಣ ತಳಿಗಳಲ್ಲಿ ಆ ಜಾಗಕ್ಕೆ ರಕ್ತ ಹರಿಯುವುದೇ ಕಡಿಮೆ. ಬರೀ ಪಟ್ಟಿ ಕಟ್ಟಿದರೆ ಎಷ್ಟೋ ಸಲ ಮೂಳೆ ಕೂಡುವುದಿಲ್ಲ. ಪ್ಲೇಟು, ಸ್ಕ್ರೂ ಹಾಕಿ ಆಪರೇಷನ್ ಮಾಡಬೇಕಾಗುತ್ತದೆ. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಮಕ್ಕಳು ಮುದ್ದು ಮಾಡುವುದೇ ಹಾಗೆ, ಅಲ್ವಾ? ಐದಾರು ವರ್ಷದೊಳಗಿನ ಮಕ್ಕಳಿದ್ದರೆ ಮೂರು ಕಿಲೋದ ನಾಯಿ ಬೇಡ ಅಂತಲೇ ನನ್ನ ಸಲಹೆ. ಸ್ವಲ್ಪ ವರ್ಷ ಕಾಯಿರಿ. ಇಲ್ಲವೇ ಮೈಕಟ್ಟು ಗಟ್ಟಿ ಇರುವ, ಹತ್ತು ಹದಿನೈದು ಕಿಲೋ ತೂಗುವ ನಾಯಿ ನೋಡಿ. ನಮ್ಮ ನಾಡ ನಾಯಿ ಇದಕ್ಕೆ ತುಂಬಾ ಚೆನ್ನಾಗಿ ಹೊಂದುತ್ತದೆ.

ನಿವೃತ್ತರಾಗಿ ಮನೆಯಲ್ಲೇ ಇರುವ ದಂಪತಿಗೆ ಮಾತ್ರ ಸಣ್ಣ ನಾಯಿ ಒಳ್ಳೆಯ ಜೊತೆ. ಹೊತ್ತು ಹೊತ್ತಿಗೆ ಊಟ, ಸಂಜೆ ಹತ್ತಿರದಲ್ಲೇ ಒಂದು ಸುತ್ತು, ಉಳಿದ ಹೊತ್ತು ಪಕ್ಕದಲ್ಲೇ ಮಲಗಿರುತ್ತದೆ. ಒಂದೇ ಎಚ್ಚರಿಕೆ: ಸಣ್ಣ ನಾಯಿ ಕಾಲಿಗೆ ಅಡ್ಡ ಬರುವುದು ಜಾಸ್ತಿ. ಅಜ್ಜಿ ರಾತ್ರಿ ಬಾತ್‌ರೂಮಿಗೆ ಎದ್ದಾಗ ಎಡವಿ ಬಿದ್ದರೆ ಇಬ್ಬರಿಗೂ ಪೆಟ್ಟು. ನಾಯಿಯ ಕುತ್ತಿಗೆಗೆ ಒಂದು ಗೆಜ್ಜೆ ಕಟ್ಟಿ, ದಾರಿಯಲ್ಲಿ ಸಣ್ಣ ದೀಪ ಹಾಕಿಡಿ.

ಇನ್ನು ತಳಿಯ ವಿಷಯ. ಸಣ್ಣ ನಾಯಿಗಳೆಲ್ಲ ಒಂದೇ ಅಲ್ಲ. 2003ರ ಹಚ್ ಮೊಬೈಲ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ ಪಗ್ ದೇಶದ ಮನೆಮನೆಗೂ ಪರಿಚಯವಾಯಿತು. ಈಗ ಶಿಹ್ ತ್ಸು ಕೇಳುವವರು ಬಹಳ. ಎರಡೂ ತುಂಬಾ ಪ್ರೀತಿಯ ನಾಯಿಗಳು. ಎರಡರದ್ದೂ ಮೂತಿ ಒಳಕ್ಕೆ ಒತ್ತಿದ ಹಾಗಿದೆ. ಕಷ್ಟ ಶುರುವಾಗುವುದು ಅಲ್ಲಿಂದಲೇ. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ನಾಲಿಗೆ ಹೊರಹಾಕಿ ಏದುಸಿರು ಬಿಟ್ಟು. ಮೂಗಿನ ಹೊಳ್ಳೆ ಸಂದಿಯಷ್ಟೇ ಇದ್ದು, ಗಂಟಲಲ್ಲಿ ಮಾಂಸ ಜಾಸ್ತಿ ಇದ್ದರೆ ಗಾಳಿ ಓಡಾಡುವುದು ಹೇಗೆ? ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 106 ದಾಟಿತೆಂದರೆ ಪ್ರಾಣಕ್ಕೇ ಅಪಾಯ. ಮೇ ತಿಂಗಳ ಮಧ್ಯಾಹ್ನ ಪಗ್ ಅನ್ನು ವಾಕಿಂಗ್ ಕರೆದುಕೊಂಡು ಹೋದರೆ ಅಲ್ಲಿಗೆ ಮುಟ್ಟಲು ಜಾಸ್ತಿ ಹೊತ್ತು ಬೇಡ.

ಹಾಗಾಗಿ ಊರು ಯಾವುದು ಅನ್ನುವುದೂ ಮುಖ್ಯ. ಕಲಬುರಗಿ, ರಾಯಚೂರಿನಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಎಸಿ ಇಲ್ಲದ, ಕರೆಂಟು ಹೋಗಿ ಬರುವ ಮನೆಯಾದರೆ ಪಗ್ ಆಗಲಿ ಶಿಹ್ ತ್ಸು ಆಗಲಿ ಬೇಡ. ಮಂಗಳೂರು, ಕಾರವಾರದ ಕಡೆ ಬಿಸಿಲು ಅಷ್ಟಿಲ್ಲದಿದ್ದರೂ ತೇವ ವಿಪರೀತ. ಏದುಸಿರಿನಿಂದ ಮೈ ತಣಿಯುವುದೇ ಕಷ್ಟ. ಮಲೆನಾಡಿನ ಮಳೆಗಾಲದಲ್ಲಿ ಉದ್ದ ಕೂದಲು ಒಣಗುವುದಿಲ್ಲ, ಚರ್ಮ ಕೆಡುತ್ತದೆ. ತೋಟದಲ್ಲಿ ಒಂದು ಸುತ್ತು ಬಂದರೆ ಕೂದಲೊಳಗೆ ರಕ್ತ ಹೀರುವ ಉಣ್ಣೆಹುಳ ಸೇರಿಕೊಂಡಿದ್ದು ಕಣ್ಣಿಗೇ ಬೀಳುವುದಿಲ್ಲ.

ಕೂದಲಿನ ಕೆಲಸವನ್ನೂ ಯೋಚಿಸಿ. ಶಿಹ್ ತ್ಸು ಕೂದಲು ನಮ್ಮ ತಲೆಗೂದಲ ಹಾಗೆ ಬೆಳೆಯುತ್ತಲೇ ಇರುತ್ತದೆ. ದಿನಾ ಬಾಚದಿದ್ದರೆ ಕಿವಿಯ ಹಿಂದೆ, ಕಂಕುಳಲ್ಲಿ ಗಂಟು ಕಟ್ಟಿ ಚರ್ಮವನ್ನೇ ಎಳೆಯುತ್ತದೆ. ಉದ್ದ ಬಿಡಲು ಹೋಗಬೇಡಿ, ಗಿಡ್ಡವಾಗಿ ಕತ್ತರಿಸಿ. ನೋಡಲೂ ಚಂದ, ನಾಯಿಗೂ ಹಾಯಿ. ಪಾಮೇರಿಯನ್‌ಗೆ ಹಾಗೆ ಮಾಡಬೇಡಿ. ಅದಕ್ಕೆ ಎರಡು ಪದರ ಕೂದಲಿದೆ. ಬೇಸಿಗೆ ಅಂತ ಬುಡಮಟ್ಟ ಬೋಳಿಸಿದರೆ ಕೆಲವಕ್ಕೆ ಕೂದಲು ಮತ್ತೆ ಸರಿಯಾಗಿ ಬರುವುದೇ ಇಲ್ಲ. ಪಾಮೇರಿಯನ್ ಬೊಗಳುವುದೂ ಜಾಸ್ತಿ. ಲಿಫ್ಟ್ ಸದ್ದಿಗೂ ಬೊಗಳುತ್ತದೆ. ಪಕ್ಕದ ಮನೆಯವರ ಜೊತೆ ಮೊದಲೇ ಒಂದು ಮಾತು ಆಡಿಡುವುದು ಒಳ್ಳೆಯದು.

ಶಿಹ್ ತ್ಸು, ಪಗ್‌ಗಳ ಕಣ್ಣು ಹೊರಕ್ಕೆ ಚಾಚಿರುತ್ತದೆ. ಒಂದು ಗೀರು ಬಿದ್ದರೂ ಹುಣ್ಣಾಗುತ್ತದೆ. ಕಣ್ಣು ಕಿರಿದು ಮಾಡಿದರೆ ಅವತ್ತೇ ತೋರಿಸಿ, ನಾಳೆ ನೋಡೋಣ ಅನ್ನಬೇಡಿ. ಹಲ್ಲೂ ಹಾಗೆ. ದೊಡ್ಡ ನಾಯಿಗೆ ಇರುವ 42 ಹಲ್ಲೇ ಈ ಪುಟ್ಟ ದವಡೆಯಲ್ಲೂ ಇರಬೇಕು. ಒತ್ತೊತ್ತಾಗಿ ಬೆಳೆದು ಸಂದಿಯಲ್ಲಿ ಕೊಳೆ ನಿಲ್ಲುತ್ತದೆ. ಮರಿಯಿದ್ದಾಗಿನಿಂದಲೇ ಬ್ರಷ್ ಅಭ್ಯಾಸ ಮಾಡಿಸಿ. ಕತ್ತಿನ ಬೆಲ್ಟ್ ಬದಲು ಎದೆಗೆ ಹಾಕುವ ಹಾರ್ನೆಸ್ ತನ್ನಿ. ಸಣ್ಣ ತಳಿಗಳ ಶ್ವಾಸನಾಳ ಮೆತ್ತಗಿರುತ್ತದೆ, ಎಳೆದಾಗ ಕೆಮ್ಮು ಹಿಡಿಯುತ್ತದೆ.

ಒಬ್ಬರು ಕೇಳಿದ್ದರು: "ಡಾಕ್ಟ್ರೇ, ಇದು ಮನೆ ಬಿಟ್ಟು ಹೊರಗೇ ಹೋಗಲ್ಲ, ಸುಮ್ನೆ ಇಂಜೆಕ್ಷನ್ ಯಾಕೆ?" ಬೇಕೇ ಬೇಕು. ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೋ ವೈರಸ್ ನಿಮ್ಮ ಚಪ್ಪಲಿಗೆ ಅಂಟಿಕೊಂಡು ಮನೆಯೊಳಗೆ ಬರುತ್ತದೆ. ರೇಬೀಸ್ ಲಸಿಕೆಯನ್ನು ಮೂರು ತಿಂಗಳಿಗೆ ಹಾಕಿಸಬೇಕು. ಆಮೇಲೆ ಡಾಕ್ಟರು ಬರೆದುಕೊಟ್ಟ ದಿನಕ್ಕೆ ತಪ್ಪದೆ ಮುಂದುವರಿಸಬೇಕು. ಹಬ್ಬದ ದಿನ ಪಾಯಸದ ದ್ರಾಕ್ಷಿ ಕೊಡಬೇಡಿ, ಕಿಡ್ನಿಗೆ ಹೊಡೆತ. ಈರುಳ್ಳಿ, ಚಾಕೊಲೇಟ್ ಕೂಡ ಬೇಡ. ದೊಡ್ಡ ನಾಯಿಗೆ ಏನೂ ಆಗದಿರುವಷ್ಟು ಪ್ರಮಾಣವೇ ಎರಡು ಕಿಲೋದ ನಾಯಿಗೆ ವಿಷವಾಗಬಹುದು.

ಇಷ್ಟೆಲ್ಲ ಯೋಚಿಸಿಯೂ ಬೇಕು ಅನ್ನಿಸಿದರೆ ಖಂಡಿತ ತನ್ನಿ. ಸಾಮಾನ್ಯವಾಗಿ 12ರಿಂದ 15 ವರ್ಷ ನಿಮ್ಮ ಜೊತೆಗಿರುತ್ತದೆ. ಇವತ್ತು ಐದನೇ ಕ್ಲಾಸಿನಲ್ಲಿರುವ ಮಗ ಕೆಲಸಕ್ಕೆ ಸೇರುವವರೆಗೆ ಅಂದುಕೊಳ್ಳಿ. ಆದರೆ ತೀರಾ ಪುಟ್ಟ ಮರಿಯನ್ನು 'ಟೀಕಪ್' ಅಂತ ಹೇಳಿ ಮಾರುವವರಿಂದ ಮಾತ್ರ ಕೊಳ್ಳಬೇಡಿ. ಹಾಗೊಂದು ತಳಿಯೇ ಇಲ್ಲ. ಅದು ಇನ್ನೂ ಮಾರುವ ವಯಸ್ಸಾಗದ ಮರಿ ಆಗಿರುತ್ತದೆ, ಇಲ್ಲವೇ ಬೇಕೆಂದೇ ಕುಗ್ಗಿಸಿ ಬೆಳೆಸಿದ, ರೋಗಕ್ಕೆ ಬೇಗ ತುತ್ತಾಗುವ ಮರಿ ಆಗಿರುತ್ತದೆ. ನಾಯಿ ಸಾಕಣೆ ಮತ್ತು ಮಾರಾಟಕ್ಕೆ 2017ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಮರಿ ಮಾಡಿಸಿ ಮಾರುವವರು ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿ ನಾಯಿಯನ್ನು ತೋರಿಸಿ ಅಂತ ಕೇಳಿ. ತೋರಿಸಲು ಹಿಂದೇಟು ಹಾಕಿದರೆ ಎದ್ದು ಬನ್ನಿ. ಮರಿ ತರಲೇಬೇಕು ಅಂತಿಲ್ಲ. ಮನೆ ಬದಲಿಸುವಾಗ, ವಿದೇಶಕ್ಕೆ ಹೋಗುವಾಗ ಬಿಟ್ಟುಕೊಟ್ಟ ನಾಲ್ಕೈದು ವರ್ಷದ ಶಿಹ್ ತ್ಸು, ಪಾಮೇರಿಯನ್‌ಗಳು ದತ್ತು ಪಡೆಯಲು ಸಿಗುತ್ತವೆ. ಅವುಗಳ ಸ್ವಭಾವ, ಆರೋಗ್ಯ ಎರಡೂ ಮೊದಲೇ ಗೊತ್ತಾಗುತ್ತವೆ. ಹಗಲು ಸ್ವಲ್ಪ ಹೊತ್ತು ಒಂಟಿಯಾಗಿಯೂ ಇರಬಲ್ಲವು.

ದುಡ್ಡು ಕೊಡುವ ಮುಂಚೆ ಮರಿಯನ್ನು ಒಮ್ಮೆ ಪಶುವೈದ್ಯರಿಗೆ ತೋರಿಸಿ. ಮೂಗಿನ ಹೊಳ್ಳೆ ತೆರೆದಿದೆಯಾ, ಮೊಣಕಾಲಿನ ಚಿಪ್ಪು ಜಾರುತ್ತಿದೆಯಾ, ಎದೆಬಡಿತದಲ್ಲಿ ಬೇರೆ ಸದ್ದು ಇದೆಯಾ, ನೆತ್ತಿಯ ಮೂಳೆ ಕೂಡಿದೆಯಾ ಅಂತ ಅವರು ಹತ್ತು ನಿಮಿಷದಲ್ಲಿ ನೋಡಿ ಹೇಳುತ್ತಾರೆ. ಮನೆಗೆ ತಂದು ಮಕ್ಕಳು ಹೆಸರಿಟ್ಟ ಮೇಲೆ ವಾಪಸ್ ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ, ಅದಕ್ಕೇ ಮೊದಲೇ ತೋರಿಸಿ.