ಅಂಟಿಕೊಂಡಿದ್ದ ಎಲೆ

ಹೋದ ಮಳೆಗಾಲದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ತಾತನ ಕಾಲದ ಒಂದು ಬಿಡಿ ಹಾಳೆ ತಂದರು. "ಇದಕ್ಕೆ ಎಲೆ ಅಂಟಿಕೊಂಡುಬಿಟ್ಟಿದೆ. ಹುಳ ಬೇರೆ ಬಿದ್ದಿದೆ ನೋಡಿ. ಕಾಗದ ಪೂರ್ತಿ ತಿಂದು ಹಾಕೋಕೆ ಮುಂಚೆ ಏನಾದ್ರೂ ಮಾಡಿ ಸಾರ್" ಅಂದರು.

ಹಳೆ ಪುಸ್ತಕ ರಿಪೇರಿ ನನ್ನ ಕೆಲಸ. ಒಣಗಿದ್ದು ಏನಾದರೂ ಸಿಕ್ಕೇ ಸಿಗುತ್ತದೆ. ಕೇದಗೆ ಎಸಳು, ನರ ಮಾತ್ರ ಉಳಿದ ಅರಳಿ ಎಲೆ, ಮರಿ ಹಾಕಲಿ ಅಂತ ಇಟ್ಟ ನವಿಲುಗರಿ. ಹೂವಿನ ತೇವ, ಹುಳಿ ಕಾಗದಕ್ಕೆ ಇಳಿದು ಎದುರು ಪುಟದಲ್ಲೂ ಕಂದು ನೆರಳು ಬಿದ್ದಿರುತ್ತದೆ. ಆ ಕಲೆಯನ್ನು ಉಜ್ಜಿ ತೆಗೆಯಲು ಹೋಗಬೇಡಿ, ಕಾಗದವೇ ಎದ್ದು ಬರುತ್ತದೆ. ಹೂವನ್ನು ಬೇರೆ ಕವರಿಗೆ ಹಾಕಿ, ಯಾವ ಪುಟದಲ್ಲಿತ್ತು ಅಂತ ಬರೆದಿಟ್ಟರೆ ಸಾಕು. ಗಿಡಗಳನ್ನು ಅಂಟಿಸಿಟ್ಟ ಹಳೆ ಸಸ್ಯಸಂಗ್ರಹದ ಹಾಳೆಗಳಾದರೆ ಕೈಗವಸು ಬೇಕೇ ಬೇಕು. ಹುಳ ಬೀಳದಿರಲಿ ಅಂತ ಆಗ ಪಾದರಸದ ವಿಷ ಸವರುತ್ತಿದ್ದರು.

ಮೇಷ್ಟ್ರ ಹಾಳೆಗೆ ಬರೋಣ. ಟಾರ್ಚನ್ನು ಪಕ್ಕದಿಂದ, ಮೇಜಿನ ಮಟ್ಟಕ್ಕೆ ಹಿಡಿದೆ. ನಿಜವಾದ ಎಲೆಯಾಗಿದ್ದರೆ ಅಂಚಿನಲ್ಲಿ ನೆರಳು ಬೀಳಬೇಕು. ಬೀಳಲಿಲ್ಲ. ಅಲ್ಲಿ ಎಲೆಯೇ ಇರಲಿಲ್ಲ!

ಹಾಗಂತ ಯಾರೋ ಬರೆದ ಚಿತ್ರವೂ ಅಲ್ಲ. ಚಿತ್ರಕಾರ ನಡುನರ ಎಳೆಯುತ್ತಾನೆ, ಕವಲು ಎಳೆಯುತ್ತಾನೆ, ಆಮೇಲೆ ಕೈಸೋತು ನಿಲ್ಲಿಸುತ್ತಾನೆ. ಇಲ್ಲಿ ಭೂತಗನ್ನಡಿಯಲ್ಲಿ ನೋಡಿದಷ್ಟೂ ನರ, ಮೀನಿನ ಬಲೆಯ ಹಾಗೆ. ಎಲೆಗೇ ಮಸಿ ಬಳಿದು ಕಾಗದಕ್ಕೆ ಒತ್ತಿದ ಅಚ್ಚು ಅದು. ನೇಚರ್ ಪ್ರಿಂಟಿಂಗ್ ಅನ್ನುತ್ತಾರೆ.

ನಮ್ಮ ಮಂಗಳೂರಿನಲ್ಲೇ ಇದರ ಒಂದು ದೊಡ್ಡ ಕೆಲಸ ನಡೆದಿದೆ. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ತೆಗೆದ ಬಾಸೆಲ್ ಮಿಶನ್ ಪ್ರೆಸ್ಸಿನವರೇ 1862ರಲ್ಲಿ ದಕ್ಷಿಣ ಭಾರತದ ಗಿಡಗಳನ್ನು ಹಸಿಹಸಿಯಾಗಿಯೇ ಅಚ್ಚೊತ್ತಿ ಪುಸ್ತಕ ಮಾಡಿದರು. ಹಸಿ ಎಲೆ ಎಷ್ಟು ಸಲ ಒತ್ತಿಸಿಕೊಂಡೀತು? ಕೆಲವು ಪ್ರತಿ ತೆಗೆಯುವಷ್ಟರಲ್ಲಿ ನಜ್ಜುಗುಜ್ಜಾಗುತ್ತದೆ, ಇನ್ನೊಂದು ಎಲೆ ಕೀಳಬೇಕು. ಹೀಗೆ ಮಾಡಿದ ಪುಸ್ತಕದ ಎರಡು ಪ್ರತಿ ಒಂದೇ ಥರ ಇರುವುದಿಲ್ಲ. ನನಗೆ ಇದಕ್ಕೇ ಈ ಅಚ್ಚು ಜಾಸ್ತಿ ಇಷ್ಟ.

ವಿಯೆನ್ನಾದ ಸರ್ಕಾರಿ ಮುದ್ರಣಾಲಯದ ಮುಖ್ಯಸ್ಥ ಅಲೋಯಿಸ್ ಆವರ್ 1850ರ ದಶಕದ ಶುರುವಿನಲ್ಲಿ ಬೇರೆ ದಾರಿ ಹಿಡಿದ. ಒಣಗಿದ ಗಿಡವನ್ನು ಉಕ್ಕಿನ ತಗಡು, ಮೆತ್ತನೆ ಸೀಸದ ತಗಡಿನ ನಡುವೆ ಇಟ್ಟು ಒತ್ತಿಸಿದ. ಸೀಸದಲ್ಲಿ ಬಿದ್ದ ಗುರುತಿನಿಂದ ವಿದ್ಯುತ್ ಹಾಯಿಸಿ ತಾಮ್ರದ ಪ್ಲೇಟ್ ಮಾಡಿಕೊಂಡ. ಆಮೇಲೆ ಎಷ್ಟು ಬೇಕಾದರೂ ಅಚ್ಚು. ಲಂಡನ್ನಿನ ಹೆನ್ರಿ ಬ್ರಾಡ್‌ಬರಿ ಇದೇ ಕ್ರಮದಲ್ಲಿ 1855ರಲ್ಲಿ ಬ್ರಿಟನ್ನಿನ ಜರೀಗಿಡಗಳ ಪುಸ್ತಕ ತಂದ. ಜರೀಗಿಡವೇ ಯಾಕೆ? ಅದು ಚಪ್ಪಟೆ, ಅದಕ್ಕೆ ಹೂವಿಲ್ಲ. ಈ ಕೆಲಸದಲ್ಲಿ ಕೈಕೊಡುವುದು ಹೂವೇ. ದಪ್ಪ ದಳಗಳು ಒತ್ತಿದರೆ ಮುದ್ದೆಯಾಗುತ್ತವೆ. ಹಾಗಾಗಿ ಹಳೆ ನೇಚರ್ ಪ್ರಿಂಟುಗಳಲ್ಲಿ ಹೂವಿನ ಭಾಗವನ್ನು ಮೊದಲು ನೋಡಿ. ಎಷ್ಟೋ ಕಡೆ ಕುಂಚದಿಂದ ತಿದ್ದಿರುತ್ತಾರೆ. ನೀರು ತಾಗಿದರೆ ಆ ಬಣ್ಣ ಹರಡಿಹೋಗಬಹುದು.

ನೀಲಿ ಕಾಗದದ ಮೇಲೆ ಬಿಳಿ ಗಿಡ ಕಂಡರೆ ಮಾತ್ರ ಕಥೆಯೇ ಬೇರೆ. ಅದು ಸೈನೋಟೈಪ್, ಬಿಸಿಲಿನಲ್ಲಿ ತೆಗೆದ ಅಚ್ಚು. ಇಂಗ್ಲೆಂಡಿನ ಸಸ್ಯವಿಜ್ಞಾನಿ ಅನ್ನಾ ಅಟ್ಕಿನ್ಸ್ 1843ರಿಂದ ಬ್ರಿಟನ್ನಿನ ಸಮುದ್ರಪಾಚಿಗಳನ್ನು ಹೀಗೇ ಮಾಡಿದಳು. ಹಳೆ ಕಾಗದದ ಹುಳಿ ತಡೆಯಲು ನಾವು ಸುಣ್ಣದ ಅಂಶ ಇರುವ ಪೆಟ್ಟಿಗೆ ಬಳಸುತ್ತೇವೆ ಅಲ್ವಾ, ಅದೇ ಈ ನೀಲಿಗೆ ಶತ್ರು. ಬೆಳಕಿಗೆ ಮಾಸಿದ್ದರೆ ಗಾಬರಿ ಬೇಡ. ಕೆಲವು ದಿನ ಕತ್ತಲಲ್ಲಿಟ್ಟರೆ ಬಣ್ಣ ತಕ್ಕಮಟ್ಟಿಗೆ ವಾಪಸ್ ಬರುತ್ತದೆ.

ಮೇಷ್ಟ್ರಿಗೆ ಭೂತಗನ್ನಡಿ ಕೊಟ್ಟು ಕೂರಿಸಿದೆ. ತುಂಬಾ ಹೊತ್ತು ನೋಡಿದರು. "ಸರಿ, ಎಲೆ ಇಲ್ಲ. ಹಾಗಾದ್ರೆ ಈ ತೂತು?" ಅಂದರು. ಹಾಳೆಯನ್ನು ಕಿಟಕಿಗೆ ಹಿಡಿದು ತೋರಿಸಿದೆ. ಕಾಗದ ಎಲ್ಲೂ ತೂತಾಗಿರಲಿಲ್ಲ. ಹುಳ ತಿಂದದ್ದು ಎಲೆಯನ್ನು, ಅದು ಇನ್ನೂ ಗಿಡದಲ್ಲಿದ್ದಾಗ.